ಹಳೆಯ ಲ್ಯಾಪ್‌ಟಾಪಿನ ವರ್ಚುವಲ್ ಮಷೀನಿನಲ್ಲಿ ಎಕ್ಸ್‌ಪಿ: ಆಕ್ಟೇವಿಯಾದ ಇಸಿಯು ಜೊತೆ ಸಂಪರ್ಕ ಪದೇ ಪದೇ ಕಡಿಯುತ್ತಿದೆ

ಘಾಟಿ ಚಾಲಕ

ಎಲ್ಲರಿಗೂ ನಮಸ್ಕಾರ. ನನ್ನದು 2004ರ ಸ್ಕೋಡಾ ಆಕ್ಟೇವಿಯಾ 1.9 ಟಿಡಿಐ. ಕೆಲವು ತಿಂಗಳಿಂದ ಆಗುಂಬೆ ಘಾಟಿ ಹತ್ತುವಾಗ ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುತ್ತದೆ. ಬದಿಗೆ ನಿಲ್ಲಿಸಿ, ಕೀಲಿ ತೆಗೆದು ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಇದು ಲಿಂಪ್ ಮೋಡ್, ಅಂದರೆ ದೋಷ ಕಂಡಾಗ ಎಂಜಿನ್ ಬಲವನ್ನು ತಾನಾಗಿಯೇ ಮಿತಗೊಳಿಸುವ ಸ್ಥಿತಿ, ಎಂಬುದು ನನಗೆ ಗೊತ್ತು. ಆದರೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಯಾವ ದೋಷದ ಕೋಡ್ ಬರೆದಿಟ್ಟಿದೆ ಎಂದು ನೋಡದೆ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋಗಲು ಮನಸ್ಸಿಲ್ಲ.

ಮನೆಯಲ್ಲಿರುವುದು ಥಿಂಕ್‌ಪ್ಯಾಡ್ ಟಿ61. ಕೋರ್ 2 ಡ್ಯುಒ ಪ್ರೊಸೆಸರ್, 4 ಜಿಬಿ ಮೆಮೊರಿ, ಮೇಲೆ ಡೆಬಿಯನ್ 12 ಲಿನಕ್ಸ್. ತೋಟದ ಲೆಕ್ಕಪತ್ರವೆಲ್ಲ ಇದರಲ್ಲೇ ಇರುವುದರಿಂದ ಇದನ್ನು ಅಳಿಸಿ ವಿಂಡೋಸ್ ಹಾಕುವಂತಿಲ್ಲ. ಹೀಗಾಗಿ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್, ನಡೆಸುವ ವರ್ಚುವಲ್‌ಬಾಕ್ಸ್ 7.0 ಹಾಕಿ, ಅದರೊಳಗೆ 512 ಎಂಬಿ ಮೆಮೊರಿ ಕೊಟ್ಟು 32 ಬಿಟ್ಟಿನ ವಿಂಡೋಸ್ ಎಕ್ಸ್‌ಪಿ ಸ್ಥಾಪಿಸಿದ್ದೇನೆ. ಅದರಲ್ಲಿ ಕಾರಿನ ಘಟಕಗಳ ಕೋಡ್ ಓದುವ ವಿಸಿಡಿಎಸ್-ಲೈಟ್ ಸಾಫ್ಟ್‌ವೇರ್ ಇದೆ. ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸುವ ಯುಎಸ್‌ಬಿ ಕೇಬಲ್ ಸಾಮಾನ್ಯ 409.1 ಮಾದರಿಯದು, ಒಳಗೆ ಯುಎಸ್‌ಬಿಯನ್ನು ಸೀರಿಯಲ್ ಆಗಿಸುವ ಎಫ್‌ಟಿಡಿಐ ಚಿಪ್ ಇದೆ. ಕೇಬಲ್ಲನ್ನು ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಆಗಿ ಇಟ್ಟುಕೊಂಡು, ಅದನ್ನೇ ಎಕ್ಸ್‌ಪಿಗೆ ಕಾಮ್ 1 ಎಂದು ತೋರಿಸಿದ್ದೇನೆ.

ಸಾಫ್ಟ್‌ವೇರಿನ ಪರೀಕ್ಷೆಯಲ್ಲಿ ಕೇಬಲ್ ಸಿಗುತ್ತದೆ. ಎಂಜಿನ್ ಆಯ್ಕೆ ಮಾಡಿದರೆ ಮಾತ್ರ ಐದು ಸಲದಲ್ಲಿ ಒಮ್ಮೆ ಸಂಪರ್ಕ ಬರುತ್ತದೆ, ಅದೂ ಅರ್ಧ ನಿಮಿಷದಲ್ಲಿ ಕಡಿದುಹೋಗುತ್ತದೆ. ಎಬಿಎಸ್ ಮತ್ತು ಏರ್‌ಬ್ಯಾಗ್ ಘಟಕಗಳು ಒಂದು ಸಲವೂ ಉತ್ತರಿಸಿಲ್ಲ. ಯಂತ್ರ ಹಳೆಯದಾಗಿರುವುದರಿಂದ ವರ್ಚುವಲ್ ಮಷೀನ್ ಈ ಕೆಲಸಕ್ಕೆ ಸಾಲುತ್ತಿಲ್ಲವೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಲಿನಕ್ಸ್ ಮೈಸೂರು

ನಮಸ್ಕಾರ. ನಿಮ್ಮ ಯಂತ್ರದ ಶಕ್ತಿ ಈ ಕೆಲಸಕ್ಕೆ ಸಾಲುತ್ತದೆ. ವರ್ಚುವಲ್‌ಬಾಕ್ಸ್ 6.1ರಿಂದೀಚೆಗೆ ಪ್ರೊಸೆಸರಿನಲ್ಲೇ ವರ್ಚುವಲ್ ಮಷೀನಿಗೆ ನೆರವಾಗುವ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಸೌಲಭ್ಯ ಇರಲೇಬೇಕು. ನಿಮ್ಮಲ್ಲಿ ಎಕ್ಸ್‌ಪಿ ಏಳುತ್ತಿದೆ ಎಂದರೆ ಆ ಸೌಲಭ್ಯ ಇದೆ, ಬಯೋಸ್‌ನಲ್ಲಿ ಚಾಲೂ ಆಗಿಯೂ ಇದೆ. ಕೋರ್ 2 ಡ್ಯುಒ ಎಂಬ ಹೆಸರಿನ ಎಲ್ಲ ಚಿಪ್‌ಗಳಲ್ಲೂ ಅದು ಇಲ್ಲ, ಆಟಮ್ ಎನ್270 ಹಾಕಿದ ಚಿಕ್ಕ ನೆಟ್‌ಬುಕ್‌ಗಳಲ್ಲಂತೂ ಇಲ್ಲವೇ ಇಲ್ಲ. ಇದನ್ನು ಓದುವ ಇತರರು ಮೊದಲು ಲಿನಕ್ಸ್‌ನಲ್ಲಿ ಪ್ರೊಸೆಸರಿನ ವಿವರ ತೆರೆದು, ಇಂಟೆಲ್ ಆದರೆ ವಿಎಂಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬ ಗುರುತು ಇದೆಯೇ ಎಂದು ನೋಡಿಕೊಳ್ಳಬೇಕು.

ತೊಂದರೆ ಇರುವುದು ಕೇಬಲ್ಲನ್ನು ಒಳಕ್ಕೆ ಕೊಟ್ಟಿರುವ ರೀತಿಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಈಗ ನೀವು ಮಾಡಿರುವುದರಲ್ಲಿ ಲಿನಕ್ಸ್‌ನ ಡ್ರೈವರ್ ಕೇಬಲ್ಲಿನ ಜೊತೆ ಮಾತಾಡುತ್ತದೆ, ವರ್ಚುವಲ್‌ಬಾಕ್ಸ್ ಹಳೆಯ ಕಾಲದ ಒಂದು ಸೀರಿಯಲ್ ಚಿಪ್ಪನ್ನು ಅನುಕರಿಸುತ್ತದೆ, ಎಕ್ಸ್‌ಪಿ ಆ ಅನುಕರಣೆಯ ಜೊತೆ ಮಾತಾಡುತ್ತದೆ. ಅನುಕರಣೆಯ ಚಿಪ್ 1,15,200ನ್ನು ಪೂರ್ಣಾಂಕದಿಂದ ಭಾಗಿಸಿಯೇ ವೇಗ ಪಡೆಯಬೇಕು. ಕಾರಿಗೆ ಬೇಕಾದದ್ದು ಸೆಕೆಂಡಿಗೆ 10,400 ಬಿಟ್. 11ರಿಂದ ಭಾಗಿಸಿದರೆ ಸಿಗುವುದು ಸುಮಾರು 10,473. ಈ ವ್ಯತ್ಯಾಸ ಶೇಕಡಾ 0.7 ಮಾತ್ರ, ಅದನ್ನು ಸಹಿಸಿಕೊಳ್ಳಬಹುದು. ಆದರೆ ಪ್ರತಿ ಬೈಟೂ ಮೂರು ಮನೆ ದಾಟಿ ಬರುವಾಗ ಆಗುವ ವಿಳಂಬವನ್ನು ಸಹಿಸುವುದು ಕಷ್ಟ.

ಅದರ ಬದಲು ಇಡೀ ಯುಎಸ್‌ಬಿ ಸಾಧನವನ್ನೇ ಎಕ್ಸ್‌ಪಿಗೆ ಒಪ್ಪಿಸಿಬಿಡಿ. ನಿಮ್ಮ ಬಳಕೆದಾರ ಖಾತೆಯನ್ನು ವಿಬಾಕ್ಸ್‌ಯೂಸರ್ಸ್ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಈ ಹೆಜ್ಜೆ ಬಿಟ್ಟರೆ ಸಾಧನಗಳ ಪಟ್ಟಿಯೇ ಖಾಲಿಯಾಗಿ ಕಾಣುತ್ತದೆ. ನಂತರ ಯುಎಸ್‌ಬಿ ಫಿಲ್ಟರಿನಲ್ಲಿ 0403 ಮತ್ತು 6001 ಸಂಖ್ಯೆಗಳ ಸಾಧನವನ್ನು ಸೇರಿಸಿ, ಎಕ್ಸ್‌ಪಿಯೊಳಗೇ ಎಫ್‌ಟಿಡಿಐ ಡ್ರೈವರ್ ಹಾಕಿ. ಈ ಚಿಪ್ 12 ಮೆಗಾಬಿಟ್ ವೇಗದ್ದಾದ್ದರಿಂದ ಯುಎಸ್‌ಬಿ 1.1 ನಿಯಂತ್ರಕವೇ ಸಾಕು. ಎಕ್ಸ್‌ಪಿ ಆ ಪೋರ್ಟಿಗೆ ಕಾಮ್ 5 ಅಥವಾ 6 ಎಂಬ ಸಂಖ್ಯೆ ಕೊಟ್ಟರೆ ಅದನ್ನು 1ರಿಂದ 4ರೊಳಗೆ ಬದಲಿಸಿಕೊಳ್ಳಿ.

ಇನ್ನೆರಡು ವಿಷಯ. ಲಿನಕ್ಸ್‌ನಲ್ಲಿ ಮೋಡೆಮ್‌ಮ್ಯಾನೇಜರ್ ಎಂಬ ಸೇವೆ ಹೊಸ ಸೀರಿಯಲ್ ಸಾಧನ ಕಂಡ ಕೂಡಲೇ ಅದು ಮೋಡೆಮ್ಮೇ ಎಂದು ಪರೀಕ್ಷಿಸಲು ಅಕ್ಷರಗಳನ್ನು ಕಳುಹಿಸುತ್ತದೆ, ಅದನ್ನು ನಿಲ್ಲಿಸಿ. ಬ್ಯಾಟರಿ ಉಳಿಸಲು ಟಿಎಲ್‌ಪಿ ಹಾಕಿಕೊಂಡಿದ್ದರೆ ಅದು ಯುಎಸ್‌ಬಿ ಸಾಧನಗಳನ್ನು ನಡುವೆ ಮಲಗಿಸಬಹುದು. ಈ ಕೇಬಲ್ಲಿಗೆ ವಿನಾಯಿತಿ ಕೊಡಿ.

ಗ್ಯಾರೇಜ್ ದಾವಣಗೆರೆ

ನಾನು ಈ ಕೆಲಸದಲ್ಲಿ ವರ್ಷಗಟ್ಟಲೆ ಇರುವವನು, ಆದ್ದರಿಂದ ಸ್ವಲ್ಪ ನೇರವಾಗಿ ಹೇಳುತ್ತೇನೆ. ಹಳೆಯದೊಂದು ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಪಿಯನ್ನು ನೇರವಾಗಿ ಹಾಕಿ ಗಾಡಿಗೆಂದೇ ಇಟ್ಟುಕೊಂಡರೆ ಇಷ್ಟೆಲ್ಲ ಕಷ್ಟ ಇರುವುದಿಲ್ಲ. ನಮ್ಮಲ್ಲಿ ಹಾಗೆಯೇ ಇದೆ. ಗಿರಾಕಿ ಗಾಡಿ ತಂದು ನಿಲ್ಲಿಸಿದಾಗ ಫಿಲ್ಟರು, ಗುಂಪು ಎಂದು ನೋಡುತ್ತ ಕೂರಲು ನಮಗೆ ಸಮಯವಿಲ್ಲ. ನಿಮ್ಮದು ಮನೆಯ ಬಳಕೆ, ಲ್ಯಾಪ್‌ಟಾಪು ಒಂದೇ ಇದೆ, ಅದು ಅರ್ಥವಾಗುತ್ತದೆ. ಆದರೆ ವರ್ಚುವಲ್ ಮಷೀನಿನಲ್ಲಿ ಸಂಪರ್ಕ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಗಾಡಿಯ ಇಸಿಯು ಕೆಟ್ಟಿದೆ ಎಂಬ ತೀರ್ಮಾನಕ್ಕೆ ಮಾತ್ರ ಹೋಗಬೇಡಿ. ಹಾಗೆ ನಂಬಿ ಒಳ್ಳೆಯ ಇಸಿಯು ಬದಲಿಸಿದವರನ್ನು ನೋಡಿದ್ದೇನೆ.

ಘಾಟಿ ಚಾಲಕ

ಇಬ್ಬರಿಗೂ ಧನ್ಯವಾದ. ಮೈಸೂರಿನವರು ಹೇಳಿದಂತೆ ಯುಎಸ್‌ಬಿ ಸಾಧನವನ್ನೇ ಎಕ್ಸ್‌ಪಿಗೆ ಕೊಟ್ಟೆ, ಮೋಡೆಮ್‌ಮ್ಯಾನೇಜರ್ ನಿಲ್ಲಿಸಿದೆ, ಪೋರ್ಟನ್ನು ಕಾಮ್ 3 ಮಾಡಿದೆ. ಈಗ ಎಂಜಿನ್ ಸಂಪರ್ಕ ಐದರಲ್ಲಿ ಮೂರು ಸಲ ಸಿಗುತ್ತಿದೆ, ಒಂದೆರಡು ನಿಮಿಷ ನಿಲ್ಲುತ್ತದೆ. ಆದರೆ ಅಳತೆಯ ಅಂಕಿಗಳು ಬಹಳ ನಿಧಾನವಾಗಿ ಬದಲಾಗುತ್ತವೆ. ಎಬಿಎಸ್, ಏರ್‌ಬ್ಯಾಗ್ ಇನ್ನೂ ಮೌನವಾಗಿಯೇ ಇವೆ.

ಕೆ ಲೈನ್

ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲು ಅನುಮತಿ ಕೊಡಿ, ಏಕೆಂದರೆ ಈ ತಲೆಮಾರಿನ ಕಾರುಗಳಲ್ಲಿ ಎಲ್ಲವೂ ನಿಂತಿರುವುದು ಮಿಲಿಸೆಕೆಂಡುಗಳ ಲೆಕ್ಕದ ಮೇಲೆ. ಅದನ್ನು ಒಮ್ಮೆ ತಿಳಿದುಕೊಂಡರೆ ಯಾವ ಸೆಟ್ಟಿಂಗ್ ಏಕೆ ಬದಲಿಸುತ್ತಿದ್ದೇವೆ ಎಂಬುದು ಸ್ಪಷ್ಟವಾಗುತ್ತದೆ.

ನಿಮ್ಮ ಕಾರಿನ ಹದಿನಾರು ಪಿನ್ನಿನ ಸಾಕೆಟ್ಟಿನಲ್ಲಿ 7ನೆಯ ಪಿನ್ ಕೆ-ಲೈನ್. ಒಂದೇ ತಂತಿಯಲ್ಲಿ ಹೋಗುವ ಮಾತೂ ಬರುವ ಮಾತೂ ನಡೆಯುತ್ತವೆ, ಹೀಗಾಗಿ ಲ್ಯಾಪ್‌ಟಾಪ್ ಕಳುಹಿಸಿದ್ದು ಅದಕ್ಕೇ ಮರಳಿ ಕೇಳಿಸುತ್ತದೆ. ಮಾತು ಶುರುವಾಗುವುದು ಬಹಳ ನಿಧಾನವಾಗಿ: ಯಾವ ಘಟಕವನ್ನು ಕರೆಯಬೇಕೋ ಅದರ ವಿಳಾಸವನ್ನು, ಎಂಜಿನ್ನಿಗೆ 01, ಎಬಿಎಸ್‌ಗೆ 03, ಏರ್‌ಬ್ಯಾಗಿಗೆ 15 ಎಂಬಂತೆ, ಸೆಕೆಂಡಿಗೆ ಐದೇ ಬಿಟ್ಟಿನ ವೇಗದಲ್ಲಿ ಕಳುಹಿಸಬೇಕು. ಹತ್ತು ಬಿಟ್ಟಿಗೆ ಎರಡು ಸೆಕೆಂಡು. ಘಟಕ ಎಚ್ಚೆತ್ತ ಮೇಲೆ ವೇಗ ಗುರುತಿಸಲು ಹದಿನಾರರ ಎಣಿಕೆಯ 55 ಎಂಬ ಬೈಟನ್ನೂ ಅದರ ಹಿಂದೆ ಎರಡು ಕೀ ಬೈಟುಗಳನ್ನೂ ಕಳುಹಿಸುತ್ತದೆ. ಎರಡನೆಯ ಕೀ ಬೈಟನ್ನು ನಾವು ತಿರುವುಮುರುವಾಗಿಸಿ, ಎಂದರೆ ಸೊನ್ನೆಯನ್ನು ಒಂದಾಗಿಸಿ, ಒಂದನ್ನು ಸೊನ್ನೆಯಾಗಿಸಿ, ಹಿಂದಿರುಗಿಸಬೇಕು. ಇದೇ ಬಗೆಯ ಎಚ್ಚರಿಸುವಿಕೆಗೆ ಐಎಸ್‌ಒ 9141-2 ಮಾನದಂಡ ಕೊಡುವ ಅವಧಿ 25ರಿಂದ 50 ಮಿಲಿಸೆಕೆಂಡು. ತಡವಾಯಿತೆಂದರೆ ಘಟಕ ಸುಮ್ಮನಾಗುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ನಿಮ್ಮ ಆಕ್ಟೇವಿಯಾದಂಥ ಫೋಕ್ಸ್‌ವ್ಯಾಗನ್ ಸಮೂಹದ ಹಳೆಯ ಕಾರುಗಳು ಬಳಸುವ ಕೆಡಬ್ಲ್ಯು1281 ಪ್ರೋಟೊಕಾಲಿನಲ್ಲಿ ಒಂದು ಕಡೆಯವರು ಕಳುಹಿಸಿದ ಪ್ರತಿಯೊಂದು ಬೈಟಿಗೂ ಇನ್ನೊಂದು ಕಡೆಯವರು ಅದರ ತಿರುವುಮುರುವನ್ನು ಉತ್ತರವಾಗಿ ಕೊಡಬೇಕು. ಕಂತಿನ ಕೊನೆಯಲ್ಲಿ ಬರುವ 03 ಒಂದಕ್ಕೆ ಮಾತ್ರ ಉತ್ತರ ಬೇಡ. ಆ ಉತ್ತರ ಬಾರದೆ ಮುಂದಿನ ಬೈಟು ಹೊರಡುವುದಿಲ್ಲ. 10,400ರ ವೇಗದಲ್ಲಿ ಒಂದು ಬೈಟಿಗೆ ತಂತಿಯ ಮೇಲೆ ಬೇಕಾಗುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ. ಆದರೆ ಎಫ್‌ಟಿಡಿಐ ಚಿಪ್ ಒಂದೊಂದೇ ಬೈಟನ್ನು ಕಂಪ್ಯೂಟರಿಗೆ ತಂದುಕೊಡುವುದಿಲ್ಲ. ಯುಎಸ್‌ಬಿ ಪೊಟ್ಟಣ ತುಂಬಲಿ ಎಂದು ಕಾಯುತ್ತದೆ, ತುಂಬದಿದ್ದರೆ ಲೇಟೆನ್ಸಿ ಟೈಮರ್ ಮುಗಿದ ಮೇಲೆ ಇದ್ದಷ್ಟನ್ನು ಕಳುಹಿಸುತ್ತದೆ. ಕಾರ್ಖಾನೆಯಿಂದ ಬರುವಾಗ ಆ ಟೈಮರ್ 16 ಮಿಲಿಸೆಕೆಂಡಿಗೆ ಹೊಂದಿಸಿರುತ್ತದೆ. ದೊಡ್ಡ ಕಡತ ಸಾಗಿಸುವವರಿಗೆ ಅದು ಒಳ್ಳೆಯ ಏರ್ಪಾಡು. ಬೈಟಿಗೊಂದು ಉತ್ತರ ಬೇಡುವ ನಿಮ್ಮ ಕಾರಿನ ಮಟ್ಟಿಗೆ ಮಾತ್ರ ಇಪ್ಪತ್ತು ಬೈಟಿನ ಒಂದು ಕಂತು 300 ಮಿಲಿಸೆಕೆಂಡನ್ನೂ ಮೀರಿ ಎಳೆಯಬಹುದು. ನಿಮ್ಮ ಅಂಕಿಗಳು ನಿಧಾನವಾಗಿರುವುದಕ್ಕೆ ಕಾರಣ ಇದೇ. ಇದರ ಮೇಲೆ ವರ್ಚುವಲ್ ಮಷೀನಿಗೆ ತನ್ನ ಸರದಿ ಬರುವವರೆಗಿನ ಕಾಯುವಿಕೆಯೂ ಸೇರಿದರೆ 50 ಮಿಲಿಸೆಕೆಂಡು ಮೀರುವುದು ಕಷ್ಟವೇನಲ್ಲ.

ಆದ್ದರಿಂದ ಎಕ್ಸ್‌ಪಿಯ ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಮುಂದುವರಿದ ಸೆಟ್ಟಿಂಗ್ ತೆರೆದು ಲೇಟೆನ್ಸಿ ಟೈಮರನ್ನು 16ರಿಂದ 1ಕ್ಕೆ ಇಳಿಸಿ. ಈಗ ಸಾಧನ ಎಕ್ಸ್‌ಪಿಯ ವಶದಲ್ಲಿರುವುದರಿಂದ ಒಳಗೇ ಬದಲಿಸಬೇಕು, ಲಿನಕ್ಸ್ ಕಡೆಯ ಬದಲಾವಣೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಲಿನಕ್ಸ್‌ನಲ್ಲಿ ಪ್ರೊಸೆಸರಿನ ವೇಗವನ್ನು ಗರಿಷ್ಠಕ್ಕೆ ಸ್ಥಿರಗೊಳಿಸಿ, ಬ್ರೌಸರ್ ಮುಚ್ಚಿ.

ಇನ್ನೊವಾ ಹಾಸನ

ನನ್ನ ಅನುಭವ ಬೇರೆ. ಟೊಯೊಟಾದ ಟೆಕ್‌ಸ್ಟ್ರೀಮ್ ಸಾಫ್ಟ್‌ವೇರನ್ನು ಮಿನಿ-ವಿಸಿಐ ಕೇಬಲ್ಲಿನೊಂದಿಗೆ ಇದೇ ರೀತಿ ಎಕ್ಸ್‌ಪಿ ವರ್ಚುವಲ್ ಮಷೀನಿನಲ್ಲಿ ಓಡಿಸುತ್ತೇನೆ, ಏಕೆಂದರೆ ಆ ಕೇಬಲ್ಲಿನ ಡ್ರೈವರ್ 32 ಬಿಟ್ಟಿನದು, ನನ್ನ ವಿಂಡೋಸ್ 64 ಬಿಟ್ಟಿನದು. ನಾನು ಯಾವ ಟೈಮರನ್ನೂ ಮುಟ್ಟಿಲ್ಲ, ಆದರೂ ಸಂಪರ್ಕ ಕಡಿದಿಲ್ಲ. ಒಂದು ಸಲ ಮಾತ್ರ ಎಲ್ಲವೂ ತೀರಾ ನಿಧಾನವಾಗಿತ್ತು. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಹಸಿರು ಆಮೆಯ ಚಿತ್ರ ಕಾಣಿಸುತ್ತಿತ್ತು. ವಿಂಡೋಸ್ 10ರಲ್ಲಿ ಅದರದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಚಾಲೂ ಆಗಿದ್ದರೆ ಹಾಗಾಗುತ್ತದೆ. ಅದನ್ನು ಆರಿಸಿದ ಮೇಲೆ ಸರಿಹೋಯಿತು.

ಕೆ ಲೈನ್

ಹಾಸನದವರ ಮಾತು ಮುಖ್ಯವಾದದ್ದು. ಮಿನಿ-ವಿಸಿಐ ಬಗೆಯ ಸಾಧನದೊಳಗೆ ಅದರದೇ ಮೈಕ್ರೊಕಂಟ್ರೋಲರ್ ಇರುತ್ತದೆ. ಕಂಪ್ಯೂಟರು ಇಂಥ ಸಂದೇಶ ಕಳುಹಿಸು ಎಂದು ಹೇಳಿದರೆ ಸಾಕು, ಕಾರಿನ ಜೊತೆಗಿನ ಮಿಲಿಸೆಕೆಂಡಿನ ಲೆಕ್ಕವನ್ನೆಲ್ಲ ಸಾಧನವೇ ನೋಡಿಕೊಳ್ಳುತ್ತದೆ. ಇಎಲ್‌ಎಂ327 ಎಂಬ ಸ್ಕ್ಯಾನರ್ ಚಿಪ್ ಕೂಡ ಘಟಕವನ್ನು ಎಚ್ಚರಿಸುವ ಕೆಲಸವನ್ನು ತಾನೇ ಮಾಡುತ್ತದೆ. ನಡುವೆ ವರ್ಚುವಲ್ ಮಷೀನ್ ಇದ್ದರೂ ಅಲ್ಲಿ ತೊಂದರೆ ಕಡಿಮೆ. ಘಾಟಿ ಚಾಲಕರ ಕೇಬಲ್ಲಿನಲ್ಲಿ ಅಂಥ ಬುದ್ಧಿ ಇಲ್ಲ. ಅದು ವೋಲ್ಟೇಜ್ ಹೊಂದಿಸಿಕೊಡುವ ತಂತಿ ಅಷ್ಟೆ, ಪ್ರತಿ ಬೈಟಿನ ಸಮಯಪಾಲನೆ ಸಾಫ್ಟ್‌ವೇರಿನ ಮೇಲೆ ಬೀಳುತ್ತದೆ. ಒಬ್ಬರಿಗೆ ವರ್ಚುವಲ್ ಮಷೀನ್ ಸಲೀಸಾಗಿ ನಡೆದು ಇನ್ನೊಬ್ಬರಿಗೆ ನಡೆಯದೆ ಇರುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಕೇಬಲ್ ಯಾವ ಬಗೆಯದು ಎಂಬುದು.

ಘಾಟಿ ಚಾಲಕ

ಟೈಮರನ್ನು 1 ಮಾಡಿದೆ. ವ್ಯತ್ಯಾಸ ಕಣ್ಣಿಗೆ ಕಾಣುವಂತಿದೆ. ಎಂಜಿನ್ ಸಂಪರ್ಕ ಹತ್ತಕ್ಕೆ ಹತ್ತು ಸಲವೂ ಸಿಕ್ಕಿತು, ಅಂಕಿಗಳು ಚುರುಕಾಗಿ ಬದಲಾಗುತ್ತಿವೆ, ಇಪ್ಪತ್ತು ನಿಮಿಷ ಕುಳಿತರೂ ಕಡಿಯಲಿಲ್ಲ. ಎಬಿಎಸ್ ಮತ್ತು ಏರ್‌ಬ್ಯಾಗ್ ಮಾತ್ರ ಇವತ್ತಿಗೂ ಉತ್ತರಿಸುತ್ತಿಲ್ಲ. ಎರಡು ಘಟಕಗಳು ಒಟ್ಟಿಗೇ ಕೆಟ್ಟಿರಲಾರವು, ಹಾಗಾದರೆ ಇನ್ನೂ ವರ್ಚುವಲ್ ಮಷೀನಿನದೇ ದೋಷವಿರಬೇಕಲ್ಲವೇ?

ಗ್ಯಾರೇಜ್ ದಾವಣಗೆರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಬೇಡ. ಎಂಜಿನ್ ಇಪ್ಪತ್ತು ನಿಮಿಷ ಮಾತಾಡಿದೆ ಎಂದರೆ ಲ್ಯಾಪ್‌ಟಾಪಿನ ಕಡೆಯ ಕೆಲಸ ಮುಗಿಯಿತು. ಇನ್ನು ಗಾಡಿಯ ಕಡೆ ನೋಡಿ. ನಿಮ್ಮ ಗಾಡಿಯಲ್ಲಿ ಕಂಪನಿಯ ಸ್ಟೀರಿಯೊ ಇದೆಯೇ, ಹೊರಗಿನದು ಹಾಕಿಸಿದ್ದೀರಾ?

ಏಕೆ ಕೇಳುತ್ತಿದ್ದೇನೆಂದರೆ, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಈ ಕಾಲದ ಗಾಡಿಗಳಲ್ಲಿ ಸ್ಟೀರಿಯೊದ ಪ್ಲಗ್ಗಿಗೂ ಕೆ-ಲೈನ್ ಬಂದಿರುತ್ತದೆ, ಕಂಪನಿಯ ಸ್ಟೀರಿಯೊವನ್ನೂ ಸ್ಕ್ಯಾನರಿನಿಂದ ನೋಡಲು ಅದನ್ನು ಕೊಟ್ಟಿರುತ್ತಾರೆ. ಹೊರಗಿನ ಸ್ಟೀರಿಯೊದಲ್ಲಿ ಅದೇ ಪಿನ್ನಿಗೆ ಬೇರೆಯೇ ಕೆಲಸ ಇರಬಹುದು. ಪ್ಲಗ್ ಅಳತೆಗೆ ಸರಿಯಾಗಿ ಕೂರುವುದರಿಂದ ಹಾಕುವವರು ಹಾಗೆಯೇ ಚುಚ್ಚಿಬಿಡುತ್ತಾರೆ, ಹಾಡೂ ಬರುತ್ತದೆ. ಕೆ-ಲೈನ್ ಮಾತ್ರ ಕೆಳಕ್ಕೆ ಎಳೆದುಕೊಂಡು ಬಿದ್ದಿರುತ್ತದೆ. ಸ್ಟೀರಿಯೊ ಹೊರಗೆಳೆದು, ಪ್ಲಗ್ ತೆಗೆದು, ಮತ್ತೆ ಒಮ್ಮೆ ಪ್ರಯತ್ನಿಸಿ. ಐದು ನಿಮಿಷದ ಕೆಲಸ.

ಕೆ ಲೈನ್

ಪ್ಲಗ್ ತೆಗೆಯುವ ಮುನ್ನ ಒಂದು ಅಳತೆ ತೆಗೆದುಕೊಳ್ಳಿ ಎಂದು ವಿನಂತಿ. ಕೇಬಲ್ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಸಂಪರ್ಕ ಕೊಡದೆ ಬಿಟ್ಟು, ಸಾಕೆಟ್ಟಿನ ಹಿಂಬದಿಯಿಂದ 7ನೆಯ ಪಿನ್ ಮತ್ತು 4ನೆಯ ಪಿನ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಯಾರೂ ಮಾತಾಡದಿರುವಾಗ ಕೆ-ಲೈನ್ ಬ್ಯಾಟರಿಯ ವೋಲ್ಟೇಜಿನ ಹತ್ತಿರ ನಿಂತಿರಬೇಕು.

ಘಾಟಿ ಚಾಲಕ

ಹೌದು, ಗಾಡಿ ಕೊಂಡಾಗಿನಿಂದ ಹೊರಗಿನ ಸ್ಟೀರಿಯೊ ಇದೆ, ಹಿಂದಿನ ಮಾಲೀಕರು ಹಾಕಿಸಿದ್ದು. ಅಳೆದೆ: ಬ್ಯಾಟರಿ 12.4 ವೋಲ್ಟ್, ಕೆ-ಲೈನ್ 6.8 ವೋಲ್ಟ್. ಸ್ಟೀರಿಯೊ ಪ್ಲಗ್ ತೆಗೆದ ಕೂಡಲೇ ಕೆ-ಲೈನ್ 12.1ಕ್ಕೆ ಏರಿತು. ಎಬಿಎಸ್ ಮತ್ತು ಏರ್‌ಬ್ಯಾಗ್ ಎರಡೂ ಮೊದಲ ಸಲಕ್ಕೇ ಉತ್ತರಿಸಿದವು. ದಾವಣಗೆರೆಯ ಅಣ್ಣನಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಕೆ ಲೈನ್

ಈ ಅಂಕಿಗಳು ಎಲ್ಲವನ್ನೂ ವಿವರಿಸುತ್ತವೆ. ಮಾನದಂಡದ ಪ್ರಕಾರ ಪರೀಕ್ಷಾ ಸಾಧನ ಈ ತಂತಿಯನ್ನು 510 ಓಮ್ ರೋಧಕದ ಮೂಲಕ ಬ್ಯಾಟರಿಗೆ ಎತ್ತಿ ಹಿಡಿದಿರಬೇಕು. ನಿಮ್ಮ ಕೇಬಲ್ಲಿನಲ್ಲೂ ಅಷ್ಟೇ ಇದ್ದರೆ, 5.6 ವೋಲ್ಟ್ ಕುಸಿದಿದೆ ಎಂದಾಗ ಸ್ಟೀರಿಯೊ ಸುಮಾರು 11 ಮಿಲಿಆಂಪಿಯರ್ ಹೀರುತ್ತಿತ್ತು. ಕೇಳುವ ಘಟಕ ಬ್ಯಾಟರಿ ವೋಲ್ಟೇಜಿನ ಶೇಕಡಾ 70ಕ್ಕಿಂತ ಹೆಚ್ಚಿದ್ದರೆ ಒಂದು, ಶೇಕಡಾ 30ಕ್ಕಿಂತ ಕಡಿಮೆಯಿದ್ದರೆ ಸೊನ್ನೆ ಎಂದು ತಿಳಿಯಬೇಕು, ನಿಮ್ಮ 12.4 ವೋಲ್ಟಿಗೆ ಮೇಲಿನ ಗೆರೆ ಸುಮಾರು 8.7. ಅಲ್ಲಿ ನಿಂತಿದ್ದ 6.8 ಅತ್ತ ಒಂದೂ ಅಲ್ಲ, ಇತ್ತ ಸೊನ್ನೆಯೂ ಅಲ್ಲ. ಎಂಜಿನ್ ಇಸಿಯು ಅದನ್ನು ಒಂದು ಎಂದು ಒಪ್ಪಿಕೊಂಡಿತು, ಉಳಿದೆರಡು ಒಪ್ಪಲಿಲ್ಲ. ನಿಮ್ಮಲ್ಲಿ ಎರಡು ದೋಷಗಳು ಒಂದರ ಮೇಲೊಂದು ಕುಳಿತಿದ್ದರಿಂದಲೇ ಇಷ್ಟು ಗೊಂದಲವಾಯಿತು.

ಹೊಸ ಸದಸ್ಯ

ನನ್ನ ಬಳಿಯೂ ಇದೇ ಕೇಬಲ್ ಇದೆ. ಎರಡು ಪ್ರಶ್ನೆಗಳು. ಎಕ್ಸ್‌ಪಿಯನ್ನು ಇಂಟರ್‌ನೆಟ್ಟಿಗೆ ಜೋಡಿಸಬಹುದೇ? ಇದೇ ಏರ್ಪಾಡಿನಲ್ಲಿ ಇಸಿಯುಗೆ ಹೊಸ ಪ್ರೋಗ್ರಾಂ ಬರೆಯಬಹುದೇ?

ಲಿನಕ್ಸ್ ಮೈಸೂರು

ಜೋಡಿಸಬೇಡಿ. ಎಕ್ಸ್‌ಪಿಗೆ ಸುರಕ್ಷತಾ ಪರಿಷ್ಕರಣೆಗಳು 2014ರ ಏಪ್ರಿಲ್‌ನಲ್ಲೇ ನಿಂತಿವೆ. ವರ್ಚುವಲ್ ಮಷೀನಿನ ನೆಟ್‌ವರ್ಕ್ ಕಾರ್ಡನ್ನೇ ತೆಗೆದುಬಿಟ್ಟು, ಅಳತೆಯ ಕಡತಗಳನ್ನು ಹಂಚಿಕೊಂಡ ಫೋಲ್ಡರಿನ ಮೂಲಕ ಹೊರಗೆ ತನ್ನಿ. ಕೇಬಲ್ಲಿನೊಡನೆ ಬರುವ ಸಿಡಿಯ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. ಸಾಫ್ಟ್‌ವೇರನ್ನು ಅದರ ತಯಾರಕರಿಂದಲೇ ಪಡೆಯಿರಿ, ಡ್ರೈವರನ್ನೂ ಅಷ್ಟೆ. ಎಲ್ಲ ಸರಿಯಾದ ದಿನ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಮುಂದೆ ಏನು ಕೆಟ್ಟರೂ ಆ ದಿನಕ್ಕೆ ಮರಳಬಹುದು. ವರ್ಚುವಲ್ ಮಷೀನಿನ ಬಹು ದೊಡ್ಡ ಲಾಭ ನನ್ನ ಪಾಲಿಗೆ ಇದೇ. ಇನ್ನೊಂದು ಎಚ್ಚರಿಕೆ: ನಕಲಿ ಎಫ್‌ಟಿಡಿಐ ಚಿಪ್‌ಗಳು ಬಹಳ ಇವೆ. 2014ರಲ್ಲಿ ಬಂದ ವಿಂಡೋಸ್ ಡ್ರೈವರೊಂದು ಅಂಥ ಚಿಪ್‌ಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿ, ಅವು ಕೆಲಸ ಮಾಡದಂತೆ ಮಾಡಿತ್ತು. ನಿಮ್ಮ ಕೇಬಲ್ಲಿನಲ್ಲಿ ಇರುವುದು ಸಿಎಚ್340 ಚಿಪ್ ಆಗಿದ್ದು ಹೊರಗೆ ಉಬುಂಟು 22.04 ಇದ್ದರೆ, ಅಂಧರಿಗಾಗಿ ಬ್ರೈಲ್ ಪರದೆ ನಡೆಸುವ ಬ್ರಿಟಿಟಿವೈ ಸೇವೆ ಅದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ.

ಗ್ಯಾರೇಜ್ ದಾವಣಗೆರೆ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಬೇಡ. ಕೋಡ್ ಓದುವುದು, ಅಳಿಸುವುದು, ಅಳತೆ ನೋಡುವುದು, ಇವುಗಳಲ್ಲಿ ಸಂಪರ್ಕ ಕಡಿದರೆ ಮತ್ತೆ ಜೋಡಿಸಿದರಾಯಿತು. ಪ್ರೋಗ್ರಾಂ ಬರೆಯುವಾಗ ನಡುವೆ ಕಡಿದರೆ ಇಸಿಯು ಅರ್ಧ ಬರೆದ ಸ್ಥಿತಿಯಲ್ಲಿ ನಿಲ್ಲುತ್ತದೆ, ಗಾಡಿ ಅಲ್ಲಿಂದ ಟೋ ಆಗಿಯೇ ಹೋಗಬೇಕು. ಹೊರಗಿನ ವ್ಯವಸ್ಥೆ ಮಲಗಿಬಿಟ್ಟರೂ ಸಾಕು, ಯುಎಸ್‌ಬಿ ಒಂದು ಕ್ಷಣ ಬಿಟ್ಟುಹೋದರೂ ಸಾಕು. ಏರ್‌ಬ್ಯಾಗ್ ಘಟಕದ ಕೋಡಿಂಗನ್ನೂ ಹೀಗೆ ಮುಟ್ಟಬೇಡಿ. ಬರೀ ಓದುವುದಾದರೂ ಇಗ್ನಿಷನ್ ಆನ್ ಮಾಡಿ ಬಹಳ ಹೊತ್ತು ಕೂರುವವರು ಗಾಡಿಯ ಬ್ಯಾಟರಿಗೆ ಚಾರ್ಜರ್ ಹಾಕಿಕೊಳ್ಳಬೇಕು.

ಘಾಟಿ ಚಾಲಕ

ಎಲ್ಲರಿಗೂ ಈ ವಿಷಯದ ಮುಂದಿನ ಭಾಗ ತಿಳಿಸಬೇಕಿತ್ತು. ಎಂಜಿನ್ ಇಸಿಯು ಬರೆದಿಟ್ಟಿದ್ದ ಕೋಡ್ 17964, ಅಂದರೆ ಟರ್ಬೊ ಒತ್ತಡ ಬೇಕಾದಷ್ಟು ಏರುತ್ತಿಲ್ಲ. ಭಾನುವಾರ ಬೆಳಿಗ್ಗೆ ಸೋಮೇಶ್ವರದ ಕಡೆಯಿಂದ ಘಾಟಿ ಹತ್ತಿದೆವು. ತಮ್ಮ ಗಾಡಿ ಓಡಿಸಿದ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಅಳತೆಯ 011ನೆಯ ಗುಂಪನ್ನು ದಾಖಲಿಸುತ್ತಿದ್ದೆ. ಅದರಲ್ಲಿ ಇಸಿಯು ಕೇಳುವ ಒತ್ತಡವೂ ನಿಜವಾಗಿ ಸಿಗುವ ಒತ್ತಡವೂ ಅಕ್ಕಪಕ್ಕ ಬರುತ್ತವೆ. ಸಮತಟ್ಟಿನಲ್ಲಿ ಎರಡೂ ಜೊತೆಯಾಗಿ ಹೋಗುತ್ತಿದ್ದವು. ಏರಿನಲ್ಲಿ ಭಾರ ಬಿದ್ದ ಕೂಡಲೇ ಕೇಳುವ ಅಂಕಿ ಮೇಲಕ್ಕೆ ಹೋಯಿತು, ಸಿಗುವ ಅಂಕಿ ಹಿಂದುಳಿಯಿತು, ಸ್ವಲ್ಪ ಹೊತ್ತಿಗೆ ಎಂಜಿನ್ ಲಿಂಪ್ ಮೋಡಿಗೆ ಬಿತ್ತು. ಸಂಪರ್ಕ ಮಾತ್ರ ಮೇಲೆ ಆಗುಂಬೆ ತಲುಪುವವರೆಗೂ ಕಡಿಯಲಿಲ್ಲ.

ಮನೆಗೆ ಬಂದು ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಬಿಚ್ಚಿ ನೋಡಿದರೆ ಕ್ಲ್ಯಾಂಪಿನ ಪಕ್ಕದಲ್ಲಿ ರಬ್ಬರು ಬಿರುಕು ಬಿಟ್ಟಿತ್ತು. ಕೈಯಲ್ಲಿ ಒತ್ತಿದಾಗ ಮಾತ್ರ ಬಾಯಿ ತೆರೆಯುವಂಥ ಬಿರುಕು, ಹಾಗಾಗಿಯೇ ನಿಂತ ಗಾಡಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಪ್ಪತ್ತು ವರ್ಷ ದುಡಿದ ರಬ್ಬರು ಅದು. ಹೊಸ ಹೋಸ್ ಹಾಕಿ ಮೊನ್ನೆ ಮತ್ತೆ ಹತ್ತಿದೆ; 011ರ ಎರಡು ಅಂಕಿಗಳೂ ಹದಿನಾಲ್ಕೂ ತಿರುವುಗಳಲ್ಲಿ ಒಟ್ಟಿಗೇ ಇದ್ದವು, ಕೋಡ್ ಮರಳಿ ಬಂದಿಲ್ಲ. ಸ್ಟೀರಿಯೊದ ಪ್ಲಗ್ಗಿನಿಂದ ಕೆ-ಲೈನಿನ ಪಿನ್ನನ್ನು ಬಿಡಿಸಿ, ಟೇಪು ಸುತ್ತಿ, ಹಿಂದಕ್ಕೆ ಕಟ್ಟಿಟ್ಟಿದ್ದೇನೆ. ಎಕ್ಸ್‌ಪಿಯ ಸ್ನ್ಯಾಪ್‌ಶಾಟನ್ನೂ ಅದೇ ಸಂಜೆ ತೆಗೆದೆ.